ಶಿಥಿಲ ಅಂದವರು ಯಾರು?

ಇವತ್ತು ರಾಜಕೀಯ ಬೇಡ. ಒಂದು ಕಟ್ಟಡದ ಬಗ್ಗೆ ಮಾತಾಡೋಣ. ಮಾತಾಡ್ತಾ ಮಾತಾಡ್ತಾ ರಾಜಕೀಯ ಬಂದೇ ಬರುತ್ತೆ, ಅದು ಬೇರೆ ವಿಷಯ.

ಕೆಲವು ತಿಂಗಳ ಹಿಂದೆ ನಮ್ಮ ರಾಮನಗರ ಸೀಮೆಯ ಒಂದು ಹಳೇ ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವ ಊರು ಅಂತ ಹೇಳಲ್ಲ. ಹೇಳಿದರೆ ಪಾಪ, ಅಲ್ಲಿನ ಗುಮಾಸ್ತರಿಗೆ ನಾಳೆ ನೋಟಿಸ್ ಬರುತ್ತೆ. ಕಲ್ಲಿನ ಗೋಡೆ, ಎತ್ತರದ ಜಗಲಿ, ಒಳಗೆ ಕಡತಗಳ ರಾಶಿ. ಚಾವಣಿಯಿಂದ ಉದುರಿದ ಗಾರೆ ಬೀಳದಿರಲಿ ಅಂತ ಮೇಜಿನ ಮೇಲೆ ಫ್ಲೆಕ್ಸ್ ಕಟ್ಟಿದ್ದರು. ಯಾವುದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು. ನಾಯಕರು ನಗ್ತಾ ಇದ್ದರು, ಅವರ ಮುಖದ ಮೇಲೆ ಸುಣ್ಣ ಉದುರ್ತಾ ಇತ್ತು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ‘ಶಿಥಿಲಗೊಂಡಿದೆ, ಎಚ್ಚರಿಕೆ’. ಅದೇ ಗೋಡೆಗೆ ಒರಗಿಕೊಂಡು ಮೂವತ್ತು ಜನ ಪಹಣಿಗೆ ಕ್ಯೂ ನಿಂತಿದ್ದರು.

ನಾನು ಕೇಳಿದೆ, ‘ಶಿಥಿಲ ಅಂತ ಹೇಳಿದವರು ಯಾರು? ಪರೀಕ್ಷೆ ಮಾಡಿದ್ದಾರಾ?’ ಗುಮಾಸ್ತರು ನಕ್ಕರು. ‘ನೋಡಿದರೆ ಗೊತ್ತಾಗಲ್ವಾ ಸಾರ್?’

ಇಲ್ಲ, ಗೊತ್ತಾಗಲ್ಲ. ಇವತ್ತಿನ ಮಾತು ಇಷ್ಟೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿಗೆ ಹೋದರೂ ಹಳೇ ಕಚೇರಿ ಕೆಡವಬೇಕೋ ಉಳಿಸಬೇಕೋ ಅನ್ನೋ ಮಾತು ಟೀ ಅಂಗಡಿಯಲ್ಲಿ ಸಿಗುತ್ತೆ. ಒಬ್ಬರು ‘ಬಿದ್ದು ಹೋಗ್ತದೆ, ಕೆಡವಿ’ ಅಂತಾರೆ. ಇನ್ನೊಬ್ಬರು ‘ತಾತನ ಕಾಲದ್ದು, ಮುಟ್ಟಬೇಡಿ’ ಅಂತಾರೆ. ಇಬ್ಬರ ಕೈಯಲ್ಲೂ ಒಂದು ಹಾಳೆ ಪರೀಕ್ಷಾ ವರದಿ ಇರಲ್ಲ.

ಈ ಜಗಳ ಹೊಸದೇನಲ್ಲ. ನಮ್ಮ ಜಿಲ್ಲೆಯ ನಡುವೆ ಹಾದು ಹೋಗುವ ಹೈವೇಯ ಎರಡೂ ತುದಿಯಲ್ಲಿ ಇದೇ ಜಗಳ ನಡೆದಿದೆ. ಬೆಂಗಳೂರಿನ ತುದಿಯಲ್ಲಿ ಒಂಥರಾ ಮುಗೀತು, ಮೈಸೂರಿನ ತುದಿಯಲ್ಲಿ ಇನ್ನೊಂಥರಾ ಆಯ್ತು. ಎರಡನ್ನೂ ನೋಡೋಣ.

ಮೊದಲು ಬೆಂಗಳೂರು. ಹೈಕೋರ್ಟಿನ ಕೆಂಪು ಕಟ್ಟಡ ನೋಡಿರ್ತೀರಿ, ಅಠಾರಾ ಕಚೇರಿ. ಅಠಾರಾ ಅಂದ್ರೆ ಹದಿನೆಂಟು. ಬ್ರಿಟಿಷ್ ಕಮಿಷನರ್ ಬೌರಿಂಗ್ ಕಾಲದಲ್ಲಿ, 1864ರಿಂದ 1868ರ ಹೊತ್ತಿಗೆ ಕಟ್ಟಿದ್ದು. ಹದಿನೆಂಟು ಇಲಾಖೆ ಒಂದೇ ಸೂರಿನಡಿ ಇರಲಿ ಅಂತ. ಅದಕ್ಕೂ ಮುಂಚೆ ಆ ಕಚೇರಿಗಳೆಲ್ಲ ಎಲ್ಲಿದ್ದವು ಗೊತ್ತಾ? ಕೋಟೆಯೊಳಗೆ, ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ಅಂದರೆ ‘ಹಳೇ ಕಟ್ಟಡ ಸಾಲ್ತಾ ಇಲ್ಲ, ಹೊಸದು ಬೇಕು’ ಅನ್ನೋ ಅರ್ಜಿಗೆ ಈ ಊರಲ್ಲಿ ನೂರೈವತ್ತು ವರ್ಷಕ್ಕೂ ಜಾಸ್ತಿ ವಯಸ್ಸು. ಆಗ ಮಾಡಿದ್ದೇನು? ಹೊಸ ಜಾಗದಲ್ಲಿ ಹೊಸದು ಕಟ್ಟಿದರು. ಟಿಪ್ಪು ಅರಮನೆ ಇವತ್ತಿಗೂ ನಿಂತಿದೆ, ಟಿಕೆಟ್ ತಗೊಂಡು ನೋಡಬಹುದು.

ಸ್ವಾತಂತ್ರ್ಯ ಬಂದ ಮೇಲೆ ಅಠಾರಾ ಕಚೇರಿಯೂ ಸಾಲದಾಯ್ತು. ಇಲ್ಲಿ ಕತೆಯೊಳಗೆ ನಮ್ಮ ಜಿಲ್ಲೆಯವರೇ ಬರ್ತಾರೆ. ಕೆಂಗಲ್ ಹನುಮಂತಯ್ಯನವರು. ಹುಟ್ಟಿದ್ದು ಇಲ್ಲೇ ರಾಮನಗರದ ಹತ್ತಿರ ಲಕ್ಕಪ್ಪನಹಳ್ಳಿಯಲ್ಲಿ. ಚನ್ನಪಟ್ಟಣದ ಕಡೆ ಹೋಗುವಾಗ ರಸ್ತೆ ಪಕ್ಕದಲ್ಲಿ ಆಂಜನೇಯನಿಗೆ ಕೈ ಮುಗೀತೀವಲ್ಲ, ಆ ಕೆಂಗಲ್. ವಿಧಾನಸೌಧಕ್ಕೆ 1951ರ ಜುಲೈ 13ರಂದು ನೆಹರು ಅಡಿಗಲ್ಲು ಹಾಕಿದಾಗ ಹನುಮಂತಯ್ಯ ಇನ್ನೂ ಮುಖ್ಯಮಂತ್ರಿ ಆಗಿರಲಿಲ್ಲ. ಆಗಿದ್ದವರು ಕೆ.ಸಿ. ರೆಡ್ಡಿ, ಅವರ ಯೋಜನೆ ಸಾಧಾರಣ ಗಾತ್ರದ್ದು. 1952ರಲ್ಲಿ ಹನುಮಂತಯ್ಯ ಕುರ್ಚಿಗೆ ಬಂದರು, ನಕ್ಷೆ ಬದಲಾಯ್ತು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರನ್ನು ಕಟ್ಟಿಕೊಂಡು, ಗೋಪುರ, ಕಂಬ, ಕೆತ್ತನೆ ಎಲ್ಲ ಸೇರಿಸಿ, ಬೇರೆಯದೇ ಕಟ್ಟಡ ಮಾಡಿದರು. ನಮ್ಮ ಮಾಗಡಿಯ ಗುಲಾಬಿ ಛಾಯೆಯ ಕಲ್ಲು, ತುರುವೇಕೆರೆಯ ಕರಿಕಲ್ಲು ಅಲಂಕಾರಕ್ಕೆ ಹೋದವು. ಖರ್ಚು ಸುಮಾರು 1.75 ಕೋಟಿ. ಇವತ್ತು ಆ ದುಡ್ಡಿಗೆ ಬೆಂಗಳೂರಲ್ಲಿ ಒಂದು ಫ್ಲಾಟ್ ಬರುತ್ತೆ, ಆದರೆ ಆವತ್ತು ಅದು ದೊಡ್ಡ ಗಲಾಟೆ. ಬಡ ರಾಜ್ಯಕ್ಕೆ ಇಷ್ಟು ದುಂದು ಯಾಕೆ ಅಂತ ಕೇಳಿದರು. ವಿಚಾರಣೆಯೂ ಆಯ್ತು. 1956ರಲ್ಲಿ ಕಟ್ಟಡ ಮುಗಿಯೋ ಹೊತ್ತಿಗೆ ಕಟ್ಟಿಸಿದವರೇ ಕುರ್ಚಿಯಲ್ಲಿ ಇರಲಿಲ್ಲ.

ಹನುಮಂತಯ್ಯನವರು ಸರಿಯೋ ತಪ್ಪೋ ಅಂತ ಇವತ್ತೂ ವಾದ ಮಾಡಬಹುದು. ನನಗೆ ಮುಖ್ಯ ಅನ್ನಿಸೋದು ಬೇರೆ. ಅವರು ಕಟ್ಟಿದ್ದು ರಸ್ತೆಯ ಆಚೆ ಬದಿಯ ಬಯಲಲ್ಲಿ. ಎದುರಿಗಿದ್ದ ಅಠಾರಾ ಕಚೇರಿಯ ಒಂದು ಇಟ್ಟಿಗೆ ಕೀಳಲಿಲ್ಲ. ಸಚಿವಾಲಯ ಆಚೆ ಹೋಯ್ತು, ಖಾಲಿಯಾದ ಕಟ್ಟಡ ಹೈಕೋರ್ಟಿಗೆ ಆಯ್ತು. ಕೆಲಸ ಒಂದು ದಿನವೂ ಬೀದಿಗೆ ಬೀಳಲಿಲ್ಲ.

ಆಮೇಲೆ 1980ರ ದಶಕ. ಹೈಕೋರ್ಟಿಗೂ ಜಾಗ ಸಾಲದಾಯ್ತು. ಕೆಡವಿ ಹೊಸದು ಕಟ್ಟೋಣ ಅನ್ನೋ ಪ್ರಸ್ತಾವ ಬಂತು. ಊರಿನ ಜನ ವಿರೋಧ ಮಾಡಿದರು, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ತಮಾಷೆ ನೋಡಿ, ಕಟ್ಟಡವನ್ನು ಕೆಡವಬೇಕೋ ಬೇಡವೋ ಅನ್ನೋ ಕೇಸಿನ ವಾದ ನಡೆದದ್ದು ಅದೇ ಕಟ್ಟಡದೊಳಗೆ. ಕೊನೆಗೆ ಕಟ್ಟಡ ಉಳೀತು. ಹೆಚ್ಚುವರಿ ಜಾಗ ಹಿಂದುಗಡೆ ಕಟ್ಟಿಕೊಂಡರು. ಇವತ್ತು ವಿಧಾನಸೌಧದ ಮುಂದೆ ಸೆಲ್ಫಿ ತಗೊಳ್ಳೋರು ತಿರುಗಿ ನಿಂತು ಕೆಂಪು ಕಟ್ಟಡದ್ದೂ ಒಂದು ತಗೊಳ್ತಾರೆ.

ಇದು ಚೆಂದದ ಕತೆ. ಹಳೇ ಕಟ್ಟಡ ಉಳಿಸಿ ಅನ್ನೋರು ಯಾವಾಗಲೂ ಇದನ್ನೇ ಹೇಳ್ತಾರೆ. ಹೈವೇಯ ಇನ್ನೊಂದು ತುದಿಯ ಕತೆ ಹೇಳಲ್ಲ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ. ಚಿಕ್ಕಗಡಿಯಾರದ ಹತ್ತಿರ. 1892ರಲ್ಲಿ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿನದು. ನಮ್ಮ ಕಾಲಕ್ಕೆ ಅಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕದ ಅಂಗಡಿಗಳಿದ್ದವು. ಎಂಜಿನಿಯರಿಂಗ್ ಓದುವಾಗ ನಾನೂ ಬಸ್ಸು ಹತ್ತಿ ಹೋಗಿದ್ದೇನೆ. ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಪುಸ್ತಕ ಅರ್ಧ ರೇಟಿಗೆ ಅಲ್ಲೇ ತಗೊಂಡಿದ್ದು. ಯಾವ ವಸ್ತು ಎಷ್ಟು ಭಾರ ತಡೆಯುತ್ತೆ ಅಂತ ಲೆಕ್ಕ ಹೇಳಿಕೊಡೋ ಪುಸ್ತಕ. ಕೊಳ್ಳುವಾಗ ನಾನು ತಲೆ ಎತ್ತಿ ಚಾವಣಿ ನೋಡಲಿಲ್ಲ. ಯಾರು ನೋಡ್ತಾರೆ?

2012ರ ಆಗಸ್ಟ್ 25. ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ನಾಲ್ಕು ಜನ ಸತ್ತರು.

ನಾಲ್ಕು ವರ್ಷ ಆದ ಮೇಲೆ, 2016ರ ಆಗಸ್ಟ್ 28, ಅಲ್ಲೇ ಪಕ್ಕದ ದೇವರಾಜ ಮಾರುಕಟ್ಟೆ. ಅದೂ ನೂರು ವರ್ಷಕ್ಕೂ ಹಳೇದು. ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ರಾಶಿ, ಟೀವಿಯವರಿಗಂತೂ ದಸರಾ ಬಂದರೆ ಅಲ್ಲೊಂದು ಶಾಟ್ ಆಗಲೇಬೇಕು. ದುರಸ್ತಿ ಕೆಲಸ ನಡೀತಿರುವಾಗಲೇ ಧನ್ವಂತ್ರಿ ರಸ್ತೆ ಕಡೆಯ ಭಾಗ ಬಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ.

ಆಮೇಲೆ ಶುರುವಾಯ್ತು ನೋಡಿ. ಒಂದು ಕಡೆ ತಜ್ಞರು ಕೆಡವಿ, ಹಳೇ ರೂಪದಲ್ಲೇ ಮತ್ತೆ ಕಟ್ಟಿ ಅಂದರು. ಇನ್ನೊಂದು ಕಡೆ ಪರಂಪರೆಯ ಕೆಲಸ ಮಾಡುವ ಇಂಟ್ಯಾಕ್‌ನಂಥ ಸಂಸ್ಥೆಯವರು ದುರಸ್ತಿ ಸಾಧ್ಯ, ಕೆಡವಬೇಡಿ ಅಂದರು. ಅಂಗಡಿಯವರು ನಮ್ಮ ಗತಿ ಏನು ಅಂದರು. ಅರಮನೆಯವರೂ ಕೆಡವೋದು ಬೇಡ ಅಂದರು. ವಿಷಯ ಹೈಕೋರ್ಟಿಗೆ ಹೋಯ್ತು, ಅಂದರೆ ಅದೇ ಅಠಾರಾ ಕಚೇರಿಗೆ! 2023ರಲ್ಲಿ ಹೈಕೋರ್ಟ್ ತಜ್ಞರ ವರದಿ ಇಟ್ಟುಕೊಂಡು, ಕೆಡವೋದನ್ನು ಪ್ರಶ್ನೆ ಮಾಡಿದ್ದ ಅರ್ಜಿಗಳನ್ನು ವಜಾ ಮಾಡಿತು. 2012ರಿಂದ 2023. ಹನ್ನೊಂದು ವರ್ಷ. ಅಷ್ಟೂ ಕಾಲ ಲ್ಯಾನ್ಸ್‌ಡೌನ್ ಕಟ್ಟಡ ಕೆಡವಿದ್ದೂ ಅಲ್ಲ, ಉಳಿಸಿದ್ದೂ ಅಲ್ಲ. ಮಳೆ ಮಾತ್ರ ಸುರೀತಾನೇ ಇತ್ತು.

ನಿಮ್ಮಲ್ಲಿ ಕೆಲವರಿಗೆ ಬೇಜಾರಾಗಬಹುದು, ಆದರೂ ಹೇಳ್ತೀನಿ. ಉಳಿಸಬೇಕು ಅಂತ ಹಟ ಮಾಡಿ ದುರಸ್ತಿಗೆ ದುಡ್ಡು ಇಡದೇ ಇದ್ದರೆ, ಅದೂ ಕೆಡವೋದೇ. ನಿಧಾನವಾಗಿ ಕೆಡವೋದು, ಅಷ್ಟೇ ವ್ಯತ್ಯಾಸ. ಜೆಸಿಬಿ ಬಂದರೆ ಕನಿಷ್ಠ ಒಳಗಿರುವ ಜನರನ್ನು ಆಚೆ ಕಳಿಸ್ತಾರೆ.

ಈಗ ಎಂಜಿನಿಯರಿಂಗ್ ವಿಷಯ. ನಾನು ಓದಿದ್ದು ಮೆಕ್ಯಾನಿಕಲ್, ಸಿವಿಲ್ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಆದರೆ ಸಿವಿಲ್ ಓದಿದ ಗೆಳೆಯರ ತಲೆ ತಿಂದು ಅರ್ಥ ಮಾಡಿಕೊಂಡಿದ್ದೇನೆ. ಕಟ್ಟಡ ಎರಡು ಥರ ಮುದಿಯಾಗುತ್ತೆ.

ಒಂದು, ನಮ್ಮ ಅಪ್ಪಂದಿರ ಕಾಲದ ಕಾಂಕ್ರೀಟ್ ಕಟ್ಟಡ. ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿ ಇರುತ್ತಲ್ಲ, ಅದು ತುಕ್ಕು ಹಿಡಿಯದೇ ಇರೋದು ಸಿಮೆಂಟಿನ ಕ್ಷಾರ ಗುಣದಿಂದ. ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಇಳಿದು ಆ ಗುಣ ಕೆಡಿಸುತ್ತೆ. ಅದು ಕಂಬಿಯವರೆಗೆ ಮುಟ್ಟಿದ ದಿನ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತೆ. ಒಳಗಿಂದ ಉಬ್ಬಿ ಕಾಂಕ್ರೀಟನ್ನೇ ಸಿಡಿಸಿಬಿಡುತ್ತೆ. ಚಾವಣಿಯಿಂದ ಚಕ್ಕೆ ಬಿದ್ದು ಕೆಂಪು ಕಂಬಿ ಕಾಣುತ್ತಲ್ಲ, ಅದು ಇದೇ. ಇದನ್ನು ಅಳೆಯೋಕೆ ಬರುತ್ತೆ. ಕಾಂಕ್ರೀಟಿನ ತುಂಡು ಕೊರೆದು ಫಿನಾಲ್ಫ್ತಲೀನ್ ಹಾಕಿದರೆ, ಚೆನ್ನಾಗಿರೋ ಕಡೆ ಗುಲಾಬಿ ಬಣ್ಣ, ಕೆಟ್ಟಿರೋ ಕಡೆ ಬಣ್ಣವೇ ಬರಲ್ಲ. ಹತ್ತನೇ ಕ್ಲಾಸಿನ ಲ್ಯಾಬಿನ ಪ್ರಯೋಗ ಸ್ವಾಮಿ ಇದು, ರಾಕೆಟ್ ಸೈನ್ಸ್ ಏನಲ್ಲ. ಶಬ್ದದ ಅಲೆ ಕಳಿಸಿ ಒಳಗೆ ಬಿರುಕು ಇದೆಯಾ ನೋಡ್ತಾರೆ. ಕೊರೆದ ತುಂಡನ್ನು ಲ್ಯಾಬಿನಲ್ಲಿ ಒತ್ತಿ ಎಷ್ಟು ಭಾರಕ್ಕೆ ಒಡೆಯುತ್ತೆ ನೋಡ್ತಾರೆ.

ಎರಡನೇದು ಕಲ್ಲು, ಇಟ್ಟಿಗೆ, ಸುಣ್ಣದ ಗಾರೆಯ ಕಟ್ಟಡ. ಇದರ ಕಾಯಿಲೆಯೇ ಬೇರೆ. ಒಳಗೆ ಕಂಬಿ ಇಲ್ಲ, ತುಕ್ಕು ಹಿಡಿಯೋಕೆ. ಕಲ್ಲಿಗೇನೂ ಆಗಲ್ಲ. ನಮ್ಮ ರಾಮನಗರದ ಬಂಡೆಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ಊರಿನ ಹಳೇ ಹೆಸರಿನದು, ಸುಮಾರು 250 ಕೋಟಿ ವರ್ಷ ಹಳೇದು. ಅದಕ್ಕೆ ಕಚೇರಿಯ ನೂರು ವರ್ಷ ಯಾವ ಲೆಕ್ಕ? ಕೆಡೋದು ಚಾವಣಿ. ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಸುಣ್ಣ, ಅದೇ ಮದ್ರಾಸ್ ತಾರಸಿ. ಮಳೆ ನೀರು ಹೋಗೋ ಕೊಳವೆಗೆ ಎಲೆ ಸಿಕ್ಕಿಕೊಳ್ಳುತ್ತೆ. ಯಾರೂ ತೆಗೆಯಲ್ಲ. ನೀರು ನಿಲ್ಲುತ್ತೆ, ತೊಲೆಯ ತುದಿ ಗೋಡೆಯೊಳಗೆ ಕೊಳೆಯುತ್ತೆ, ಗೆದ್ದಲು ಬರುತ್ತೆ. ಸಂದಿಯಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ ಏಳುತ್ತೆ. ಅರಳಿ ಗಿಡ ಕೀಳೋಕೆ ನಮ್ಮ ಜನಕ್ಕೆ ಭಯ, ಬೇರಿಗೆ ಆ ಭಯ ಇಲ್ಲ.

ಇದರ ಮೇಲೆ ನಾವೇ ಮಾಡೋ ಅನಾಹುತ ಇನ್ನೊಂದಿದೆ. ಸುಣ್ಣದ ಗೋಡೆ ಉಸಿರಾಡುತ್ತೆ. ಒಳಗೆ ಬಂದ ತೇವ ಆಚೆ ಹೋಗುತ್ತೆ. ಅದರ ಮೇಲೆ ‘ದುರಸ್ತಿ’ ಅಂತ ಸಿಮೆಂಟ್ ಪ್ಲಾಸ್ಟರ್ ಬಳಿದು, ಆಯಿಲ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತೆ. ಮೂರು ಮಳೆಗಾಲದಲ್ಲಿ ಪ್ಲಾಸ್ಟರ್ ಹಪ್ಪಳ ಆಗುತ್ತೆ. ಆಮೇಲೆ ಅದನ್ನೇ ತೋರಿಸಿ ‘ನೋಡಿ, ಶಿಥಿಲ’ ಅಂತಾರೆ. ಅಯ್ಯೋ, ಉದುರಿದ್ದು ನೀವು ಬಳಿದ ಪ್ಲಾಸ್ಟರ್ ಕಣ್ರೀ, ಗೋಡೆ ಹಾಗೇ ಇದೆ!

ಇನ್ನೂ ಒಂದು ಮಾತು. ಕಾಂಕ್ರೀಟಿನ ಮೇಲ್ಮೈ ಗಟ್ಟಿತನ ನೋಡೋಕೆ ಒಂದು ಸ್ಪ್ರಿಂಗ್ ಸುತ್ತಿಗೆ ಇದೆ, ರಿಬೌಂಡ್ ಹ್ಯಾಮರ್ ಅಂತಾರೆ. ಕಾಂಕ್ರೀಟಿಗೆ ಮಾಡಿರೋ ಆ ಸಾಮಾನನ್ನು ತಗೊಂಡು ಹೋಗಿ ಕಲ್ಲುಗೋಡೆಯ ಗಾರೆ ಮೇಲೆ ಟಕ್ ಅಂತ ಹೊಡೆದು ರಿಪೋರ್ಟ್ ಬರೆದರೆ ಅದು ರಿಪೋರ್ಟೇ ಅಲ್ಲ. ಥರ್ಮಾಮೀಟರ್ ಇಟ್ಟು ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಿದ ಹಾಗೆ. ಯಾವ ಕಟ್ಟಡಕ್ಕೆ ಯಾವ ಪರೀಕ್ಷೆ ಮಾಡಿದರು ಅನ್ನೋದರಲ್ಲೇ ಅರ್ಧ ಸತ್ಯ ಇರುತ್ತೆ.

ಹಾಗಾದರೆ ಹಳೇದನ್ನೆಲ್ಲ ಉಳಿಸಬೇಕಾ? ಖಂಡಿತ ಬೇಡ. ಹಳೇದೆಲ್ಲ ಪರಂಪರೆ ಅಲ್ಲ. ಐವತ್ತು ವರ್ಷದ ಹಿಂದೆ ಕಡಿಮೆ ರೇಟಿನ ಟೆಂಡರಿನಲ್ಲಿ ಕಟ್ಟಿದ, ಕಂಬಿ ಕಾಣ್ತಿರೋ ಕಾಂಕ್ರೀಟ್ ಪೆಟ್ಟಿಗೆಗೆ ನಾವ್ಯಾಕೆ ಕಣ್ಣೀರು ಹಾಕಬೇಕು? ಗಾಲಿಕುರ್ಚಿ ಹೋಗೋಕೆ ದಾರಿ ಇಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ, ಬೆಂಕಿ ಬಿದ್ದರೆ ಹೊರಗೆ ಬರೋಕೆ ಎರಡನೇ ಬಾಗಿಲಿಲ್ಲ. ಪರೀಕ್ಷೆಯೂ ಅದೇ ಹೇಳಿದರೆ ಕೆಡವಿ. ಸಂತೋಷವಾಗಿ ಕೆಡವಿ.

ಆದರೆ ಆಮೇಲಿನದ್ದು ಹೇಳಿ. ಕೆಡವಿದ ದಿನದಿಂದ ಹೊಸದು ಬಾಗಿಲು ತೆಗೆಯೋ ದಿನದವರೆಗೆ ಜನ ಎಲ್ಲಿ ಹೋಗಬೇಕು? ಹಳೇ ದಾಖಲೆ ಎಲ್ಲಿ ಇಡ್ತೀರಿ? ರೆಕಾರ್ಡ್ ರೂಮಿನ ಮೂಲ ಸರ್ವೆ ನಕ್ಷೆ, ಇನಾಮಿನ ಕಡತ, ಮ್ಯುಟೇಶನ್ ರಿಜಿಸ್ಟರು, ಲಾರಿಗೆ ತುಂಬಿ ಇಳಿಸುವಾಗ ಒಂದು ಕಟ್ಟು ಕಳೆದು ಹೋದರೆ ಒಂದು ಮನೆತನದ ಎರಡೆಕರೆ ಹೋಯ್ತು. ಭೂಮಿಯ ರೇಟು ಹೀಗೆ ಏರಿರೋ ನಮ್ಮ ಜಿಲ್ಲೆಯಲ್ಲಿ ಕಡತ ಕಳೆದು ಹೋದರೆ ಯಾರಿಗೆ ಲಾಭ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆವತ್ತು ಆ ಕಚೇರಿಯ ಜಗಲಿ ಮೇಲೆ ಒಬ್ಬ ಯಜಮಾನರು ಕೂತಿದ್ದರು. ಎಪ್ಪತ್ತರ ಮೇಲೆ. ಪಕ್ಕದಲ್ಲಿ ಪತ್ರ ಬರಹಗಾರರು, ಛಾಪಾಕಾಗದದವರು, ಜೆರಾಕ್ಸ್ ಅಂಗಡಿ, ಎದುರಿಗೆ ಬಸ್ ಸ್ಟ್ಯಾಂಡು. ನಾನು ಮೈಕ್ ಹಿಡಿದು ಕೇಳಿದೆ, ‘ಯಜಮಾನ್ರೇ, ಇದನ್ನ ಕೆಡವಿ ಹೊಸದು ಕಟ್ಟಬೇಕಂತೆ, ಏನಂತೀರಿ?’

‘ಎಲ್ಲಿ ಕಟ್ತಾರಂತೆ?’

‘ಊರಾಚೆ, ಬೈಪಾಸ್ ಹತ್ತಿರ ಅಂತಿದ್ದಾರೆ.’

‘ಅಲ್ಲಿಗೆ ನಮ್ಮೂರ ಬಸ್ಸು ಹೋಗಕ್ಕಿಲ್ಲವಲ್ಲಪ್ಪ. ಆಟೋಗೆ ನೂರು ರೂಪಾಯಿ ಕೇಳ್ತಾರೆ. ಒಂದು ಪಹಣಿಗೆ ಮೂರು ಸಲ ಬಾ ಅಂತಾರೆ. ನೀನೇ ಲೆಕ್ಕ ಹಾಕ್ಕೋ.’

ನಾನು ಹಾಕಿದೆ. ಹೋಗೋಕೆ ಬರೋಕೆ ಇನ್ನೂರು, ಮೂರು ಸಲಕ್ಕೆ ಆರುನೂರು. ಕಟ್ಟಡದ ಅಂದಾಜು ಪಟ್ಟಿಯಲ್ಲಿ ಕಲ್ಲು, ಮರಳು, ಸಿಮೆಂಟ್, ಉದ್ಘಾಟನೆಯ ಫಲಕ ಎಲ್ಲದಕ್ಕೂ ಕಾಲಂ ಇರುತ್ತೆ. ಈ ಆರುನೂರಕ್ಕೆ ಕಾಲಂ ಇಲ್ಲ.

ಮಿನಿ ವಿಧಾನಸೌಧ ಅಂತ ಕಟ್ಟಿದರು, ಆಮೇಲೆ ತಾಲ್ಲೂಕು ಆಡಳಿತ ಸೌಧ ಅಂದರು, ಈಗ ಪ್ರಜಾಸೌಧ ಅಂತಾರೆ. ಜಿಲ್ಲೆಗೇ ಹೆಸರು ಬದಲಾಗಿ ಬೆಂಗಳೂರು ದಕ್ಷಿಣ ಆಯ್ತು. ಹೆಸರು ಬದಲಾಯಿಸೋಕೆ ಯಾರೂ ಫಿನಾಲ್ಫ್ತಲೀನ್ ಕೇಳಲ್ಲ, ಬಿಡಿ.

ಈಗ ನೀವೇನು ಮಾಡಬಹುದು? ನಿಮ್ಮ ಊರಿನ ಕಚೇರಿ ಕೆಡವ್ತಾರೆ ಅಂತ ಸುದ್ದಿ ಬಂದರೆ, ಪರವೋ ವಿರೋಧವೋ ಆಮೇಲೆ, ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕಟ್ಟಡದ ಪರೀಕ್ಷಾ ವರದಿಯ ಪೂರ್ತಿ ಪ್ರತಿ ಕೇಳಿ, ಯಾವ ಪರೀಕ್ಷೆ, ಯಾವ ದಿನ, ಕಟ್ಟಡದ ಯಾವ ಯಾವ ಜಾಗದಲ್ಲಿ ಮಾಡಿದ್ದು ಅನ್ನೋದು ಸಮೇತ. ಕಳೆದ ಹತ್ತು ವರ್ಷ ಆ ಕಟ್ಟಡದ ನಿರ್ವಹಣೆಗೆ ಖರ್ಚಾದ ಹಣದ ಬಿಲ್ಲುಗಳನ್ನು ಇನ್ನೊಂದು ಅರ್ಜಿಯಲ್ಲಿ ಕೇಳಿ. ಒಟ್ಟಿಗೆ ಕೇಳಬೇಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು ಅಂತಿದೆ. ಎರಡು ವಿಷಯ ಸೇರಿಸಿದ್ದೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ. ವರದಿ ಕೈಗೆ ಬಂದ ಮೇಲೆ ಅರ್ಥ ಆಗದಿದ್ದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗಕ್ಕೆ ತಗೊಂಡು ಹೋಗಿ ಯಾರಾದರೂ ಮೇಷ್ಟ್ರಿಗೆ ತೋರಿಸಿ. ಮತ್ತೆ ಅಲ್ಲಿಯವರೆಗೆ, ಕ್ಯೂ ನಿಲ್ಲುವಾಗ ಕೆಂಪು ಅಕ್ಷರ ಬರೆದಿರೋ ಗೋಡೆಯಿಂದ ಸ್ವಲ್ಪ ದೂರ ನಿಲ್ಲಿ.